ಪ್ರವಾಹದ ಯೋಜನೆ ದಂಡೆಯ ಊರಿನ ಗ್ರಾಮಸಭೆಯಲ್ಲಿ ರೂಪುಗೊಳ್ಳಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮುಂಗಾರಿನ ಹೊತ್ತಿಗೆ ಜಿಲ್ಲಾ ಕೇಂದ್ರಗಳಲ್ಲಿ ಪ್ರವಾಹ ಮುನ್ನೆಚ್ಚರಿಕೆಯ ಸಭೆಗಳು ನಡೆಯುತ್ತವೆ. ನೋಡಲ್ ಅಧಿಕಾರಿಗಳ ನೇಮಕ, ಬೋಟುಗಳ ಲೆಕ್ಕ, ನೆರೆಗೆ ಸಿಕ್ಕವರು ತಂಗುವ ಕಾಳಜಿ ಕೇಂದ್ರಗಳ ಪಟ್ಟಿ ಎಲ್ಲವೂ ಅಲ್ಲೇ ತೀರ್ಮಾನವಾಗಿ, ಹಳ್ಳಿಗಳಿಗೆ ಸುತ್ತೋಲೆಯಾಗಿ ತಲುಪುತ್ತವೆ. ನಾನು ನರಗುಂದ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಹಳ್ಳಿಯೊಂದರ ರೈತ. 2009 ಮತ್ತು 2019ರ ಎರಡೂ ನೆರೆಗಳಲ್ಲಿ ಮನೆಯೊಳಗೆ ಹೊಳೆ ಹೊಕ್ಕಿದ್ದನ್ನು ಕಂಡವನು. ಆ ಸಭೆಗಳಲ್ಲಿ ದಂಡೆಯ ಜನರಿಗೆ ಜಾಗವಿಲ್ಲದಿರುವುದು ನಮ್ಮ ನಷ್ಟ ಹೆಚ್ಚಲು ಒಂದು ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿಗೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ. ಎಷ್ಟೋ ವರ್ಷ ಅದು ತುಂಬಲೇ ಇಲ್ಲ. ಗೋವಾ ಕಡೆ ಹರಿಯುವ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು 2015ರಲ್ಲಿ ನರಗುಂದದ ರೈತರು ಧರಣಿ ಕುಳಿತದ್ದು ಅದೇ ಬರದ ಕಾಲದಲ್ಲಿ. ನೀರು ಹರಿಯದ ಆ ವರ್ಷಗಳಲ್ಲಿ ನದಿಯ ಪಾತ್ರದೊಳಗೆ ಹೂಳು ನಿಂತಿತು, ಜಾಲಿಕಂಟಿ ಬೆಳೆಯಿತು, ಅಲ್ಲಲ್ಲಿ ಕಬ್ಬಿನ ಹೊಲಗಳು ದಂಡೆಯಿಂದ ಕೆಳಗಿಳಿದು ಹೊಳೆಯನ್ನೇ ಒತ್ತಿಕೊಂಡವು. 2019ರ ಆಗಸ್ಟ್‌ನಲ್ಲಿ ಘಟ್ಟದಲ್ಲಿ ಕೆಲವೇ ದಿನ ಸುರಿದ ಮಳೆಗೆ ಜಲಾಶಯ ಭರ್ತಿಯಾಗಿ ಗೇಟುಗಳನ್ನು ತೆರೆದಾಗ, ಹರಿಯಲು ಹಾದಿಯಿಲ್ಲದ ನೀರು ಕೊಣ್ಣೂರು, ಲಖಮಾಪುರ, ಹೊಳೆಆಲೂರುಗಳಿಗೆ ನುಗ್ಗಿತು; ಪಟ್ಟದಕಲ್ಲಿನ ದೇವಾಲಯಗಳ ಆವರಣವೂ ಜಲಾವೃತವಾಯಿತು. ಕಡಿಮೆ ದಿನಗಳಲ್ಲಿ ಹೆಚ್ಚು ಮಳೆ ಬೀಳುವ ಇಂಥ ಪ್ರಸಂಗಗಳು ಮುಂದೆ ಇನ್ನೂ ಹೆಚ್ಚುತ್ತವೆಂದು ಹವಾಮಾನ ತಜ್ಞರು ಹೇಳುತ್ತಿದ್ದಾರೆ. ನದಿಯನ್ನು ಒತ್ತಿದವರಲ್ಲಿ ನಮ್ಮೂರಿನವರೂ ಇದ್ದಾರೆಂಬುದನ್ನು ಮುಚ್ಚಿಡಲಾರೆ. ಯಾರ ಹೊಲ ಎಷ್ಟು ಮುಂದೆ ಬಂದಿದೆ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿಯಾದ್ದರಿಂದ, ಅದನ್ನು ಎಲ್ಲರೆದುರು ಮಾತನಾಡಿ ಬಗೆಹರಿಸಲು ಗ್ರಾಮಸಭೆಗಿಂತ ಸೂಕ್ತವಾದ ಜಾಗ ನನಗೆ ಕಾಣುವುದಿಲ್ಲ.

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಎರಡು ಗೆರೆಗಳಿವೆ. ಕೆಳಗಿನದು 2009ರ ನೀರು ನಿಂತ ಗುರುತು, ಅದಕ್ಕಿಂತ ಒಂದು ಗೇಣು ಮೇಲಿರುವುದು 2019ರದು. ಹನುಮಂತ ದೇವರ ಗುಡಿಯ ಕಂಬದ ಮೇಲೂ ಇಂಥ ಗುರುತುಗಳಿವೆ. ನೆರೆ ಬಂದಾಗ ಎಲ್ಲರೂ ಹೊಳೆಯ ಕಡೆ ನೋಡುತ್ತಿದ್ದರೆ, ನೀರು ಮೊದಲು ಬರುವುದು ಊರ ಹಿಂದಿನ ಹಳ್ಳದಿಂದ. ನದಿ ತುಂಬಿದಾಗ ಹಳ್ಳದ ನೀರು ಸೇರಲಾಗದೆ ಹಿಂದಕ್ಕೆ ಒತ್ತಿ, ಊರಿಗೆ ಇರುವ ಒಂದೇ ಡಾಂಬರು ರಸ್ತೆಯನ್ನು ಮೊದಲ ತಾಸಿನಲ್ಲೇ ಕತ್ತರಿಸಿಹಾಕುತ್ತದೆ. ಇದು ನಮ್ಮ ಹಿರಿಯರಿಗೆ, ದನ ಕಾಯುವ ಹುಡುಗರಿಗೆ ಕೂಡ ಗೊತ್ತು. ಆದರೂ 2019ರ ಪಟ್ಟಿಯಲ್ಲಿ ನಮಗೆ ಗೊತ್ತುಪಡಿಸಿದ ಕಾಳಜಿ ಕೇಂದ್ರ ಆ ಹಳ್ಳದ ಆಚೆಗಿನ ಶಾಲೆಯಾಗಿತ್ತು. ಕಾಗದದ ಮೇಲೆ ಅದು ಹತ್ತಿರ. ನಾವು ಆ ರಾತ್ರಿಯನ್ನು ಎತ್ತರದ ಒಂದು ಕಣದಲ್ಲಿ, ದನಕರುಗಳ ನಡುವೆ ತಾಡಪತ್ರಿ ಹೊದ್ದು ಕಳೆದೆವು. ಎಮ್ಮೆ, ಎತ್ತುಗಳನ್ನು ಬಿಟ್ಟು ಬನ್ನಿರೆಂದು ಮರುದಿನ ಬಂದ ಸಿಬ್ಬಂದಿ ಹೇಳಿದಾಗ ಒಬ್ಬರೂ ಕದಲಲಿಲ್ಲ, ಏಕೆಂದರೆ ಅವನ್ನು ಕಟ್ಟುವುದೆಲ್ಲಿ ಎಂಬುದನ್ನು ಯಾರೂ ಯೋಚಿಸಿರಲಿಲ್ಲ.

2009ರ ನೆರೆಯ ನಂತರದ ಆಸರೆ ಮನೆಗಳ ಕಥೆಯಲ್ಲೂ ಇದನ್ನೇ ಕಂಡೆವು. ದಾನಿಗಳ ಹಣವೂ ಸರ್ಕಾರದ ಹಣವೂ ಕೂಡಿ ಉತ್ತರ ಕರ್ನಾಟಕದ ಹಲವು ಊರುಗಳಿಗೆ ಹೊಸ ಮನೆಗಳು ಎದ್ದವು. ಹಿತ್ತಿಲಿಲ್ಲದ, ದನದ ಕೊಟ್ಟಿಗೆಗೆ ಜಾಗವಿಲ್ಲದ, ಹೊಲಕ್ಕೆ ದೂರವಾದ ಎಷ್ಟೋ ಮನೆಗಳಿಗೆ ಬೀಗ ಬಿದ್ದು, ಅವುಗಳ ಯಜಮಾನರು ಹಳೆಯ ಊರಿಗೇ ಹಿಂದಿರುಗಿದರು. ಮನೆಯ ನಕ್ಷೆಯನ್ನು ಅಂತಿಮಗೊಳಿಸುವ ಮುನ್ನ ಒಂದು ದಿನ ಊರಿನ ಹೆಣ್ಣುಮಕ್ಕಳನ್ನು ಕೂಡಿಸಿ, ಒಲೆ ಎಲ್ಲಿರಬೇಕು, ಕಟ್ಟಿಗೆ ಎಲ್ಲಿಡಬೇಕು, ಎಮ್ಮೆ ಎಲ್ಲಿ ಕಟ್ಟಬೇಕು ಎಂದು ಕೇಳಿದ್ದರೆ ಅಷ್ಟು ಹಣ ಹೀಗೆ ವ್ಯರ್ಥವಾಗುತ್ತಿರಲಿಲ್ಲ.

ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ಯಾರೂ ಹೇಳುವಂತಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಜಿಲ್ಲಾ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿಯೇ ರೂಪಿಸಬೇಕು, ಪ್ರತಿ ವರ್ಷ ಪರಿಷ್ಕರಿಸಬೇಕು. ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ, ಅಂದರೆ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು, ಸಹಾಧ್ಯಕ್ಷರಾಗಿರಬೇಕು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆ ಕುರ್ಚಿ ಖಾಲಿ ಉಳಿಯಿತು. ನೆರೆಯ ಕೇರಳದಲ್ಲಿ 2018ರ ಮಹಾಪ್ರವಾಹದ ಬಳಿಕ ಗ್ರಾಮ ಪಂಚಾಯಿತಿಗಳೇ ತಮ್ಮ ತಮ್ಮ ವಿಪತ್ತು ನಿರ್ವಹಣಾ ಯೋಜನೆಗಳನ್ನು ಸಿದ್ಧಪಡಿಸಿದವು. ನಮ್ಮಲ್ಲಿ ಉಪಕರಣಗಳಿಗೂ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಅಳವಡಿಸಿದ್ದು, ಅವು ತಾವಾಗಿಯೇ ಬೆಂಗಳೂರಿಗೆ ಮಾಹಿತಿ ಕಳುಹಿಸುತ್ತವೆ. ಅದೇ ಅಂಕಿಯನ್ನು ಪಂಚಾಯಿತಿಯ ಫಲಕದ ಮೇಲೆ ದಿನವೂ ಬರೆಯುವುದು, ನವಿಲುತೀರ್ಥದಿಂದ ಎಷ್ಟು ಕ್ಯುಸೆಕ್ ನೀರು ಬಿಡುತ್ತಾರೆ, ಅದು ಯಾವ ಊರಿಗೆ ಎಷ್ಟು ತಾಸಿನಲ್ಲಿ ಮುಟ್ಟುತ್ತದೆ ಎಂಬುದನ್ನು ಡಂಗುರ ಹೊಡೆಸಿ ತಿಳಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ.

ಪರಿಹಾರದ ವಿಷಯವಂತೂ ಊರೊಳಗೆ ಜಗಳ ಹಚ್ಚಿದೆ. 2019ರಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಕುಸಿದವಕ್ಕೆ 5 ಲಕ್ಷ ರೂಪಾಯಿ ಘೋಷಿಸಲಾಯಿತು. ಯಾವ ಮನೆಗೆ ಯಾವ ಅಕ್ಷರ, ಏಕೆ ಎಂಬುದನ್ನು ವಾರ್ಡ್ ಸಭೆಯಲ್ಲಿ ಓದಿ ಹೇಳಿದ್ದರೆ ತಪ್ಪುಗಳು ಅಲ್ಲೇ ತಿದ್ದಲ್ಪಡುತ್ತಿದ್ದವು. ಗೋಡೆ ಬಿದ್ದ ವಿಧವೆಯೊಬ್ಬರು ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ನಾನೇ ನೋಡಿದ್ದೇನೆ.

ಆದ್ದರಿಂದ ಮುಂಗಾರಿಗೆ ಮೊದಲು, ಮಲಪ್ರಭೆ ಮತ್ತು ಅದನ್ನು ಸೇರುವ ಬೆಣ್ಣಿಹಳ್ಳದ ದಂಡೆಯ ಪ್ರತಿ ಊರಿನಲ್ಲಿ ವಿಶೇಷ ಗ್ರಾಮಸಭೆ ಕರೆದು, ಕಾಳಜಿ ಕೇಂದ್ರ, ದನಗಳ ಜಾಗ, ಒತ್ತುವರಿ ಮತ್ತು ನೀರು ಬಿಡುವ ಮಾಹಿತಿಯ ಬಗ್ಗೆ ಅಲ್ಲಿ ಆಗುವ ಠರಾವುಗಳನ್ನು ಜಿಲ್ಲಾ ಯೋಜನೆಯಲ್ಲಿ ಸೇರಿಸಬೇಕೆಂದು ಜಿಲ್ಲಾಡಳಿತವನ್ನು ಒತ್ತಾಯಿಸುತ್ತೇನೆ. ನೀರಾವರಿ ಇಲಾಖೆಯ ಎಂಜಿನಿಯರರು ಆ ಸಭೆಗೆ ಬಂದು ಕುಳಿತುಕೊಳ್ಳಲಿ. ಬರುವಾಗ ಒಂದು ಟೇಪು ತರಲಿ. ಬಹಳಷ್ಟು ಮನೆಗಳಿಗೆ ಈಗ ಹೊಸ ಗಾರೆ, ಹೊಸ ಬಣ್ಣ ಆಗುತ್ತಿದ್ದು ನೆರೆಯ ಗೆರೆಗಳು ಒಂದೊಂದಾಗಿ ಅಳಿಸಿಹೋಗುತ್ತಿವೆ. ಉಳಿದವನ್ನು ಈ ಬೇಸಿಗೆಯಲ್ಲೇ ಅಳೆದು ನಕ್ಷೆಗೆ ಇಳಿಸಬೇಕಾಗಿದೆ.

– ಮಲಪ್ರಭಾ ದಂಡೆಯ ಒಬ್ಬ ರೈತ, ನರಗುಂದ ತಾಲ್ಲೂಕು