ಹಿಡಿಯೋದು ಬರ್ತದ, ಬಿಡೋದು ಕಲಿ

ಕಲಬುರಗಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದ.

ನಾವೆಲ್ಲ ಆರಾಮ ಇದ್ದೀವಿ, ಬಿಸಿಲಿನ ಮಾತು ಮಾತ್ರ ಕೇಳಬ್ಯಾಡ. ಭಾರತ ತಂಡದ ಕ್ಯಾಂಪಿಗೆ ನಿನ್ನ ಹೆಸರು ಬಂತಂತ ನಿಮ್ಮವ್ವ ಓಣಿ ತುಂಬಾ ಪೇಢೆ ಹಂಚ್ಯಾಳ. ತಿಂದವರಾಗ ಅರ್ಧ ಮಂದಿಗೆ ರಗ್ಬಿ ಅಂದ್ರ ಏನಂತ ಗೊತ್ತಿಲ್ಲ.

ನಾ ಸಾಲ್ಯಾಗ ಕಬಡ್ಡಿ ಕಲಿಸಿದ ಪಿಟಿ ಮಾಸ್ತರ, ರಗ್ಬಿ ಆಡಿದಾಂವ ಅಲ್ಲ. ಆದ್ರ ದೊಡ್ಡ ಮ್ಯಾಚುಗಳನ್ನ ಮೊಬೈಲ್‌ನಾಗ ನಿಲ್ಲಿಸಿ ನಿಲ್ಲಿಸಿ ನೋಡೀನಿ. ಅದರ ಮ್ಯಾಲ ನಿನಗ ಹೇಳೋದು ಇಷ್ಟೇ: ಎದುರಿನಾಂವನ್ನ ಕೆಡವಿದ ಮ್ಯಾಲ ನೀ ಕೈ ಬಿಡಂಗಿಲ್ಲ, ಅದೇ ನಿನ್ನ ತಪ್ಪು.

ರೇಡರ್ ಕಾಲು ಸಿಕ್ಕರ ಸೀಟಿ ಊದೋತನಕ ಬಿಡಬ್ಯಾಡ ಅಂತ ನಾನೇ ಹೇಳಿಕೊಟ್ಟೀನಿ, ಕಬಡ್ಡಿಗೆ ಅದು ಸರಿ. ರಗ್ಬಿಯೊಳಗ ಉಲ್ಟಾ. ಎದುರಿನಾಂವ ನೆಲಕ್ಕ ಬಿದ್ದ ಕೂಡಲೇ ಕೈ ಬಿಟ್ಟು, ಬಾಜೂಕ ಉರುಳಿ, ಚೆಂಡಿನ ದಾರಿ ಖುಲ್ಲಾ ಮಾಡಬೇಕು. ನೀ ಕಳಿಸಿದ ವಿಡಿಯೋ ನೋಡಿದೆ. ತೊಡಿಗೆ ಭುಜ ಹಚ್ಚಿ, ಎರಡೂ ಕೈಲೆ ಸುತ್ತಿ ಹಿಡದು ಚೊಕ್ಕ ಕೆಡವಿದಿ. ಆಮ್ಯಾಲ ನಿನ್ನ ಎಡಗೈ ಅವನ ಮೊಣಕಾಲ ಮ್ಯಾಲೇ ಉಳೀತು, ರೆಫ್ರಿ ಕೈ ಎತ್ತಿ ಎದುರಿನವರಿಗೆ ಪೆನಾಲ್ಟಿ, ಅಂದ್ರ ನಿನ್ನ ತಪ್ಪಿಗೆ ಅವರಿಗೆ ಒದೆಯೋ ಅವಕಾಶ, ಕೊಟ್ಟ. ಕ್ಲಬ್ ಮ್ಯಾಚಿನಾಗ ನಡೀತದ, ಒದೆಯೋಂವ ಅಷ್ಟು ಛಲೋ ಇರಂಗಿಲ್ಲ. ದೇಶ ದೇಶಗಳ ಮ್ಯಾಚಿನಾಗ ಐವತ್ತು ಮೀಟರಿನಿಂದನೂ ಕಂಬದ ನಡುವ ಹಾಕಾವ್ರು ಇರ್ತಾರ. ಮೂರು ಪಾಯಿಂಟ್ ಹೋತು.

ಚೆಂಡು ಎದುರಿನವರ ಗೆರಿ ದಾಟಿಸಿ ನೆಲಕ್ಕ ಮುಟ್ಟಿಸೋ ಟ್ರೈಗೆ ಐದು ಸಿಗ್ತಾವ, ಮೂರೇನು ಮಹಾ ಅನ್ನಬ್ಯಾಡ. 2019ರ ವಿಶ್ವಕಪ್ ಫೈನಲ್‌ದಾಗ ದಕ್ಷಿಣ ಆಫ್ರಿಕಾ ಇಂಗ್ಲೆಂಡನ್ನ 32-12ರಿಂದ ಸೋಲಿಸಿತು. ಬರೇ ಸ್ಕೋರ್ ನೋಡಿದಾಂವಗ ಟ್ರೈ ಮ್ಯಾಲ ಟ್ರೈ ಬಿದ್ದಾವ ಅನಸ್ತದ. ಖರೆ ಹೇಳಬೇಕಂದ್ರ ಮೊದಲ ಒಂದು ತಾಸು ಯಾರದೂ ಟ್ರೈ ಇಲ್ಲ. ಆಫ್ರಿಕಾದವರು ಸ್ಕ್ರಮ್‌ನಾಗ, ಅಂದ್ರ ಎರಡೂ ತಂಡದ ಮುಂದಿನವರು ಗುಂಪು ಕಟ್ಟಿ ದಬ್ಬಾಡೋವಾಗ, ದಬ್ಬಿ ದಬ್ಬಿ ಪೆನಾಲ್ಟಿ ತಗದ್ರು, ಹಾಂಡ್ರೆ ಪೊಲಾರ್ಡ್ ಆರು ಹಾಕಿದ. ಎರಡು ಟ್ರೈ ಬಂದದ್ದು ಕಡೀ ಹೊತ್ತಿನಾಗ. 2023ರ ಪ್ಯಾರಿಸ್ ಫೈನಲ್ ಇನ್ನೂ ಬಿಗಿ: ನ್ಯೂಜಿಲೆಂಡ್ ಟ್ರೈ ಹಾಕಿಯೂ 12-11ರಿಂದ ಸೋತಿತು, ಆಫ್ರಿಕಾದ ಹನ್ನೆರಡೂ ಪೆನಾಲ್ಟಿಯವೇ. ನ್ಯೂಜಿಲೆಂಡಿನ ನಾಯಕ ಸ್ಯಾಮ್ ಕೇನ್ ತಲೆಗೆ ತಾಗುವಂಥ ಟ್ಯಾಕಲ್ (ಹಿಡದು ಕೆಡವೋದು) ಮಾಡಿ ಕೆಂಪು ಕಾರ್ಡ್ ತಗೊಂಡಿದ್ದ. ನೀ ತೊಡಿಗೇ ಹೋಗಾಂವ, ಆ ಚಿಂತಿ ನನಗಿಲ್ಲ.

ಕ್ಯಾಂಪಿನಾಗ ದಿನಾ ಹಿಂಗ ಮಾಡು. ಪೂರಾ ದಣದ ಮ್ಯಾಲ, ಜೋಡಿಗೊಬ್ಬನ್ನ ಕರಕೊಂಡು ಟ್ಯಾಕಲ್ ಹಾಕು. ಬಿದ್ದ ಕೂಡಲೇ ಎರಡೂ ಅಂಗೈ ಬಿಚ್ಚಿ ರೆಫ್ರಿಗೆ ಕಾಣೋಹಂಗ ಎತ್ತು, ಎದ್ದು ನಿಲ್ಲು, ನಿಮ್ಮ ಕಡಿಯಿಂದ ಬಂದು ಚೆಂಡಿಗೆ ಕೈ ಹಾಕು. ಅಂವ ಚೆಂಡು ಬಿಡಲಿಲ್ಲಂದ್ರ ಪೆನಾಲ್ಟಿ ನಿಮಗ. ಮೈಯಾಗ ಕಸುವಿದ್ದಾಗ ಎಲ್ಲಾರೂ ಕೈ ಬಿಡ್ತಾರ. ಎಪ್ಪತ್ತನೇ ನಿಮಿಷಕ್ಕ ಹಳೇ ಚಟ ಎದ್ದು ಬರ್ತದ.

ಮೂರು ಸಿಕ್ಕಾಗೆಲ್ಲ ತಗೋಬೇಕೇನು ಅಂತ ಕೇಳಿದ್ದಿ. ಅದು ನಾಯಕನ ಕೆಲಸ, ಆದ್ರೂ ಹೇಳ್ತೀನಿ. 2015ರ ವಿಶ್ವಕಪ್‌ನಾಗ, ಇಂಗ್ಲೆಂಡಿನ ಬ್ರೈಟನ್‌ದಾಗ ಜಪಾನ್ ಆಫ್ರಿಕಾಕ್ಕಿಂತ 29-32 ಹಿಂದಿತ್ತು, ಟೈಮ್ ಮುಗದಿತ್ತು, ಪೆನಾಲ್ಟಿ ಸಿಕ್ತು. ಒದ್ದಿದ್ರ ಡ್ರಾ. ಅಷ್ಟೊತ್ತಿಗೇ ಎರಡು ಸಲ ವಿಶ್ವಕಪ್ ಗೆದ್ದವರ ಜೋಡಿ ಡ್ರಾ ಆಗಿದ್ರ ಯಾರೂ ಬೈತಿರಲಿಲ್ಲ. ನಾಯಕ ಮೈಕೆಲ್ ಲೀಚ್ ಸ್ಕ್ರಮ್ ಕೇಳಿದ. ಮಂದಿ ಅದಕ್ಕ ಗಂಡೆದೆ ಅಂತಾರ, ನನಗ ಅದರಾಗ ಲೆಕ್ಕ ಕಾಣ್ತದ. ಆಫ್ರಿಕಾದ ಪ್ರಾಪ್, ಅಂದ್ರ ಸ್ಕ್ರಮ್‌ನ ಮುಂದಿನ ಸಾಲಿನಾಗ ದಬ್ಬಾಂವ, ಒಬ್ಬಾಂವ ಹಳದಿ ಕಾರ್ಡ್ ತಗೊಂಡು ಹೊರಗ ಕುಂತಿದ್ದ. ಚೆಂಡು ಈ ಬಾಜೂದಿಂದ ಆ ಬಾಜೂಕ ಜಲ್ದಿ ಹೋದ್ರ ಎಲ್ಲೋ ಒಂದು ಕಡಿ ಆಳು ಕಮ್ಮಿ ಬೀಳಬೇಕು. ಬಿತ್ತು. ಎಡ ಮೂಲ್ಯಾಗ ಕಾರ್ನ್ ಹೆಸ್ಕೆತ್ ಟ್ರೈ, 34-32. ಎದುರಿನವರು ಹದಿನೈದೂ ಮಂದಿ ಇದ್ದು, ಇನ್ನೂ ಅರ್ಧ ತಾಸು ಉಳದಿದ್ರ ಮಾತ್ರ ಕಣ್ಣು ಮುಚ್ಚಿ ಮೂರು ತಗೋರಿ.

ನಿಮ್ಮ 22 ಮೀಟರ್ ಗೆರಿಯೊಳಗ ಶಾಣ್ಯಾತನ ಬ್ಯಾಡ, ಒದ್ದು ದೂರ ಹಾಕ್ರಿ.

16ರಿಂದ 23ರೊಳಗಿನ ಅಂಗಿ, ಅಂದ್ರ ಬದಲಿಯವರ ಅಂಗಿ, ಸಿಕ್ಕರ ಮಾರಿ ಸಣ್ಣದು ಮಾಡ್ಕೋಬ್ಯಾಡ. ಪ್ಯಾರಿಸ್‌ದಾಗ ಆಫ್ರಿಕಾದವರು ಎಂಟು ಬದಲಿಯವರಾಗ ಏಳು ಮಂದಿ ಫಾರ್ವರ್ಡ್‌ಗಳನ್ನೇ (ಸ್ಕ್ರಮ್ ದಬ್ಬೋ ಆಳುಗಳನ್ನೇ) ಕುಂದರಿಸಿದ್ರು, ಎದುರಿನವರು ದಣದಾಗ ಹೊಸ ಕಸುವು ಇಳಿಸಲಿಕ್ಕೆ. ಲಿಸ್ಟ್ ಬಂದ ಕೂಡಲೇ ನನಗೊಂದು ಮೆಸೇಜ್ ಹಾಕು. ನಿಮ್ಮವ್ವಗ ನಾ ತಿಳಿಸಿ ಹೇಳ್ತೀನಿ, ಇಲ್ಲಂದ್ರ ಬೆಂಚ್ ಅಂದ ಕೂಡಲೇ ಅಳಲಿಕ್ಕೆ ಕುಂದರ್ತಾಳ.

ಇಂತಿ ನಿನ್ನ ಮಾವ