ಸುಟ್ಟರೆ ಬಲಿಪೂಜೆ ಇಲ್ಲವೇ?

ಮಾನ್ಯ ಸಂಪಾದಕರೇ,

ನಮ್ಮ ಕಥೋಲಿಕ ಧರ್ಮಕೇಂದ್ರದ (ಚರ್ಚಿನ) ಹಿರಿಯರೊಬ್ಬರು ತಮ್ಮ ದೇಹವನ್ನು ಸುಡಬೇಕೆಂದು ಬರೆದಿಟ್ಟು ತೀರಿಕೊಂಡಾಗ ಬಂಧುಗಳಲ್ಲಿ ಜಗಳವೇ ಆಯಿತು. ಸುಟ್ಟರೆ ಬಲಿಪೂಜೆ, ಅಂದರೆ ಮೃತರಿಗಾಗಿ ಚರ್ಚಿನಲ್ಲಿ ನಡೆಸುವ ಪೂಜೆ (ಮಾಸ್), ಸಿಗುವುದಿಲ್ಲ ಎಂದು ಹಠ ಹಿಡಿದವರೇ ಹೆಚ್ಚು. 1886ರಲ್ಲಿ ರೋಮ್, ಅಂದರೆ ಧರ್ಮಸಭೆಯ ಕೇಂದ್ರವಾದ ವ್ಯಾಟಿಕನ್, ದಹನವನ್ನು ನಿಷೇಧಿಸಿದ್ದು ನಿಜ. ಆಗ ಯುರೋಪಿನಲ್ಲಿ ಕೆಲವರು, ಸತ್ತವರು ಮತ್ತೆ ಎದ್ದುಬರುವರೆಂಬ ಪುನರುತ್ಥಾನದ ನಂಬಿಕೆಯನ್ನು ಹಂಗಿಸಲೆಂದೇ ದಹನದ ಪರ ಪ್ರಚಾರಕ್ಕಿಳಿದಿದ್ದರು. ಆ ನಿಷೇಧ 1963ರಲ್ಲೇ ತೆರವಾಯಿತು. ಹೂಳುವುದೇ ಮೇಲು ಎಂಬುದು ಕಥೋಲಿಕ ಧರ್ಮಸಭೆಯ ಇಂದಿನ ನಿಲುವೂ ಹೌದು. ಆದರೆ ನಂಬಿಕೆಯನ್ನು ಧಿಕ್ಕರಿಸುವ ಉದ್ದೇಶವಿಲ್ಲದಿದ್ದರೆ ಸುಡಲು ಅಡ್ಡಿಯಿಲ್ಲ.

ಈಗಿನ ತಕರಾರೆಲ್ಲ ಬೂದಿಯದು. ಅದನ್ನು ನೀರಿಗೆ ಬಿಡುವುದು, ಗಾಳಿಗೆ ತೂರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಕೂಡದೆಂದು 2016ರಲ್ಲಿ ವ್ಯಾಟಿಕನ್ ಹೇಳಿತು. 2023ರ ಡಿಸೆಂಬರಿನಲ್ಲಿ ತುಸು ಸಡಿಲಿಸಿ, ಮೃತರಿಗೆ ಆಪ್ತವಾಗಿದ್ದ ಜಾಗದಲ್ಲಿ ಬೂದಿಯ ಒಂದು ಚಿಕ್ಕ ಭಾಗವನ್ನು ಇರಿಸುವ ಕೋರಿಕೆಯನ್ನು ಪರಿಶೀಲಿಸಬಹುದು ಎಂದಿತು. ಕಾವೇರಿಯಲ್ಲಿ ಅಸ್ಥಿ ಬಿಡುವ ನೆರೆಹೊರೆಯವರ ನಡುವೆ ಬೆಳೆದ ನನಗೆ ನೀರಿನ ಮೇಲಿನ ಈ ಸಿಟ್ಟು ಅರ್ಥವಾಗಿಲ್ಲ, ಅದಿರಲಿ.

ಅಗೆದರೆ ಬೇಗನೆ ನೀರು ಒಸರುವ ಕೇರಳದ ಆಲಪ್ಪುಳದಲ್ಲಿ 2020ರ ಕೋವಿಡ್ ಸಾವುಗಳಿಗೆ ಅಲ್ಲಿನ ಲ್ಯಾಟಿನ್ ಕಥೋಲಿಕ ಧರ್ಮಕ್ಷೇತ್ರ (ಬಿಷಪರ ಆಡಳಿತ ವಲಯ) ದಾರಿ ಹುಡುಕಿತು: ಚರ್ಚಿನ ಸ್ಮಶಾನದಲ್ಲೇ ದಹನ, ಅಲ್ಲೇ ಬೂದಿಯ ಸಮಾಧಿ. ಗುಂಡಿಯ ಮೇಲೆ ಗುಂಡಿ ತೋಡುತ್ತಿರುವ ಬೆಂಗಳೂರಿನಲ್ಲೂ ಇದು ಸಾಧ್ಯ. ಬರುವ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಧರ್ಮಗುರುಗಳು ಪ್ರಬೋಧನೆಯಲ್ಲಿ ಇಷ್ಟನ್ನು ಬಿಡಿಸಿ ಹೇಳಲಿ.

– ಒಬ್ಬ ಓದುಗ, ಬೆಂಗಳೂರು