ಫ್ರಿಜ್ಜಿನ ಡಬ್ಬಿ, ಪಕ್ಕದ ಮನೆಯವರ ಸಹಿ: ಎಡೊಗಾವಾ ಮೇಯರ್ ಅವರಿಗೊಂದು ಬಹಿರಂಗ ಪತ್ರ

ಟೋಕಿಯೊದ ಎಡೊಗಾವಾ ವಾರ್ಡ್‌ನ ಮಾನ್ಯ ಮೇಯರ್ ಅವರಿಗೆ,

ನಮಸ್ಕಾರ. 2000ರ ಆಸುಪಾಸಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ನಿಶಿ-ಕಸಾಯಿಯಲ್ಲಿ ಮನೆ ಮಾಡಿದ ಭಾರತೀಯರಲ್ಲಿ ಅನೇಕರಿಗೆ ಈಗ ಐವತ್ತು ದಾಟಿದೆ. ಕನ್ನಡಿಗರೂ ಅವರಲ್ಲಿದ್ದಾರೆ, ಅವರೂ ಓದಲೆಂದು ಜಪಾನಿ ಪ್ರತಿಯ ಜೊತೆಗೆ ಇದನ್ನು ಕನ್ನಡದಲ್ಲೂ ಬರೆದಿದ್ದೇವೆ. ಮುಪ್ಪಿನಲ್ಲಿ ಒಬ್ಬರಿಗೊಬ್ಬರು ಆಗುವ ಬಳಗ ಕಟ್ಟುವುದು ನಮ್ಮ ಕೆಲಸ, ಕಟ್ಟಿಕೊಳ್ಳುತ್ತೇವೆ. ಆದರೆ ಆ ಬಳಗದ ಮಾತು ಆಸ್ಪತ್ರೆಯ ಕೌಂಟರಿನಲ್ಲಿ, ವಾರ್ಡ್ ಕಚೇರಿಯಲ್ಲಿ ನಡೆಯಬೇಕಾದರೆ ನಿಮ್ಮ ಮೊಹರು ಬೇಕು.

ಬಳಗದ ಲೆಕ್ಕ ಇಷ್ಟೇ: ಒಬ್ಬ ಹಿರಿಯರಿಗೆ ಇಬ್ಬರು. ಒಬ್ಬರು ಅವರ ಭಾಷೆ ಬಲ್ಲವರು. ಇನ್ನೊಬ್ಬರು ಹತ್ತು ನಿಮಿಷದ ನಡಿಗೆಯಲ್ಲಿರುವವರು, ನೇಪಾಳದವರೋ ಚೀನಾದವರೋ ಜಪಾನಿನವರೋ, ಯಾರಾದರೂ ಸರಿ. ಇಬ್ಬರೂ ಭಾರತೀಯರೇ ಆದರೆ ತೊಂದರೆ. ಜುಲೈ ಕೊನೆಗೆ ಶಾಲೆಗೆ ರಜೆ ಬಿಟ್ಟದ್ದೇ ತಡ, ಮನೆಮಂದಿಯೆಲ್ಲ ಊರಿಗೆ ಹೊರಡುತ್ತಾರೆ. ಸೆಕೆಗೆ ಹಿರಿಯರು ಕುಸಿದು ಬೀಳುವುದೂ ಅದೇ ವಾರಗಳಲ್ಲಿ. ವಾಟ್ಸಾಪ್ ಗುಂಪನ್ನು ನಂಬಿ ಕೂರುವಂತಿಲ್ಲ. ನೂರು ಜನ ನೋಡಿದ ಸಂದೇಶಕ್ಕೆ ಹೊಣೆ ಯಾರೂ ಅಲ್ಲ. ಜೋಡಿಯ ಕ್ರಮ ಹೀಗೆ: ಬೆಳಗ್ಗೆ ಒಂಬತ್ತಕ್ಕೆ ಹಿರಿಯರಿಗೆ ಫೋನ್. ಎತ್ತದಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ. ಆಗಲೂ ಎತ್ತದಿದ್ದರೆ ಹೋಗಿ ಬಾಗಿಲು ಬಡಿಯುವುದು. ಒಳಗಿಂದ ಸದ್ದಿಲ್ಲವೆಂದರೆ ಆಂಬುಲೆನ್ಸ್‌ಗೆ 119.

ಆಂಬುಲೆನ್ಸ್‌ನವರು ಒಳಗೆ ಬಂದ ಮೇಲೆ ಬೇಕಾಗುವುದು ಫ್ರಿಜ್ಜಿನ ಡಬ್ಬಿ. ಆರೋಗ್ಯದ ವಿವರ ಬರೆದ ಹಾಳೆಯನ್ನು ಸುರುಳಿ ಸುತ್ತಿ ಹಾಕಿ ಫ್ರಿಜ್ಜಿನಲ್ಲಿಡುವ ಈ ಪ್ಲಾಸ್ಟಿಕ್ ಕೊಳವೆಯನ್ನು ಜಪಾನಿನ ಹಲವು ಊರುಗಳ ಆಡಳಿತವೇ ಹಿರಿಯರಿಗೆ ಕೊಡುತ್ತದೆ. ಫ್ರಿಜ್ ಇಲ್ಲದ ಮನೆಯಿಲ್ಲ, ಹಾಗಾಗಿ ಹುಡುಕಾಟವಿಲ್ಲ. ನಮ್ಮವರ ಹಾಳೆ ಮೊದಲು ಎಡವುವುದು ಹೆಸರಿನಲ್ಲೇ. ಇನಿಷಿಯಲ್ ಬಿಡಿಸಿ ಬರೆದ ಪಾಸ್‌ಪೋರ್ಟ್ ಹೆಸರು ವಿದೇಶಿ ಹೆಸರು ಬರೆಯುವ ಜಪಾನಿನ ಕತಕಾನ ಲಿಪಿಯಲ್ಲಿ, ಒಂದು ಆಸ್ಪತ್ರೆಯಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಆಸಾಮಿ ಒಬ್ಬರೇ, ಕಡತ ಎರಡು. ಇನ್ನು ಊರಿಂದ ತಂದ ಮಾತ್ರೆಯ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ‘ಬಿ.ಪಿ. ಮಾತ್ರೆ’ ಎಂದು ಬರೆದರೆ ಸಾಲದು, ‘ಟೆಲ್ಮಿಸಾರ್ಟನ್ 40 ಮಿ.ಗ್ರಾಂ, ಬೆಳಗ್ಗೆ ಒಂದು’ ಎಂದಿರಬೇಕು. ‘ಸಸ್ಯಾಹಾರಿ’ ಎಂದಷ್ಟೇ ಬರೆದರೆ ಆಸ್ಪತ್ರೆಯ ತಟ್ಟೆಗೆ ಮಿಸೊ ಸಾರು ಬಂದೀತು. ಅದರ ಕಟ್ಟು ಸಾಮಾನ್ಯವಾಗಿ ಮೀನಿನದು. ‘ಕತ್ಸುವೊ ದಾಶಿ (ಮೀನಿನ ಕಟ್ಟು) ಬೇಡ’ ಎಂದು ಬಿಡಿಸಿಯೇ ಬರೆಯಬೇಕು.

ಮುಪ್ಪಿನ ಆರೈಕೆಗೆಂದು ಜಪಾನಿನಲ್ಲಿರುವ ಸರ್ಕಾರಿ ಆರೈಕೆ ವಿಮೆಗೆ ನಾವೂ 40ನೇ ವಯಸ್ಸಿನಿಂದ ಕಂತು ಕಟ್ಟುತ್ತೇವೆ. ಸೇವೆ ಬೇಕೆಂದು ಅರ್ಜಿ ಹಾಕಿದರೆ ಸಮೀಕ್ಷಕರು ಮನೆಗೆ ಬಂದು 74 ಅಂಶಗಳನ್ನು ಪರಿಶೀಲಿಸುತ್ತಾರೆ. ಅತಿಥಿ ಬಂದರೆಂದು ನಮ್ಮ ಅಜ್ಜಿ ಒಳ್ಳೆ ಸೀರೆಯುಟ್ಟು ಕೂತು, ‘ನಂಗೇನಾಗಿದೆ, ಚೆನ್ನಾಗೇ ಇದ್ದೀನಿ’ ಎನ್ನುತ್ತಾರೆ. ಮಗ ಅದನ್ನು ಹಾಗೇ ಜಪಾನಿಗೆ ತಿರುಗಿಸುತ್ತಾನೆ. ಎಷ್ಟು ಆರೈಕೆ ಬೇಕೆಂದು ಗುರುತಿಸುವ ದರ್ಜೆ ಇಳಿಯುತ್ತದೆ, ಸಿಗುವ ಸೇವೆಯೂ ಇಳಿಯುತ್ತದೆ. ‘ಈಗ ಯಾವ ಕಾಲ?’ ಎಂಬುದೂ ಆ ಅಂಶಗಳಲ್ಲೊಂದು. ಕನ್ನಡದವರ ಬಾಯಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲ, ಮೂರೇ ಕಾಲ. ಜಪಾನಿನವರಿಗೆ ಇನ್ನೂ ಶರತ್ಕಾಲವಾದ ನವೆಂಬರ್ ಮೊದಲ ವಾರದಲ್ಲಿ ‘ಚಳಿಗಾಲ’ ಎಂದರೆ ಅದು ಮರೆವಲ್ಲ ಎಂದು ಸಮೀಕ್ಷಕರಿಗೆ ಹೇಳುವವರು ಬೇಕು. ಆದ್ದರಿಂದ ಸಮೀಕ್ಷೆಗೆ ಮನೆಯವರಲ್ಲದ ದುಭಾಷಿಯನ್ನು ವಾರ್ಡೇ ಕಳಿಸಲಿ.

ಇನ್ನು ಮೊಹರಿನ ವಿಷಯ. ಕೇರಿಯ ಒಂಟಿ ಹಿರಿಯರನ್ನು ನೋಡಿಕೊಳ್ಳುವ ಸ್ವಯಂಸೇವಕ, ಅಂದರೆ ಮಿನ್‌ಸೇಯಿ-ಇನ್ ಆಗಲು ಸ್ಥಳೀಯ ಚುನಾವಣೆಯಲ್ಲಿ ಮತದಾನದ ಹಕ್ಕಿರಬೇಕು, ವಿದೇಶಿಯರಿಗೆ ಅದಿಲ್ಲ. ಆ ಕಾಯ್ದೆ ನಿಮ್ಮ ಕೈಯಲ್ಲಿಲ್ಲ, ಬಲ್ಲೆವು. ಆದರೆ ನಮ್ಮ ಜೋಡಿಗಳಿಗೆ ತರಬೇತಿ ಕೊಟ್ಟು, ಗುಟ್ಟು ಕಾಪಾಡುವ ಮುಚ್ಚಳಿಕೆ ಬರೆಸಿಕೊಂಡು, ಮಿನ್‌ಸೇಯಿ-ಇನ್ ಅವರ ಸಹಾಯಕರೆಂದು ವಾರ್ಡ್ ಗುರುತಿನ ಚೀಟಿ ಕೊಡಬಹುದಲ್ಲ? ಹಿರಿಯರು ಮೊದಲೇ ಲಿಖಿತ ಒಪ್ಪಿಗೆ ಕೊಟ್ಟಿದ್ದರೆ ಹಿರಿಯರ ಸಲಹಾ ಕೇಂದ್ರದವರು ಈ ಜೋಡಿಯೊಡನೆ ಮಾತಾಡಲಿ.

ಜಾಮೀನುದಾರರಿಲ್ಲ ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆ ದಾಖಲಾತಿ ನಿರಾಕರಿಸುವಂತಿಲ್ಲವೆಂದು ಆರೋಗ್ಯ ಸಚಿವಾಲಯ 2018ರಲ್ಲೇ ಸುತ್ತೋಲೆ ಕಳಿಸಿದೆ. ಆದರೂ ಜಾಮೀನಿನ ಫಾರಂ ಮುಂದೆ ಬಂದಾಗ ಸಂಕೋಚಕ್ಕೆ ಬಿದ್ದು ಪಕ್ಕದ ಮನೆಯವರು ಸಹಿ ಹಾಕಿಬಿಡುತ್ತಾರೆ. ಬಿಲ್ಲೂ ಶವವೂ ತಮ್ಮ ಹೆಗಲಿಗೆ ಬಂದೀತೆಂದು ತಿಳಿದ ಮೇಲೆ ಆ ಬಾಗಿಲಿನತ್ತ ಸುಳಿಯುವುದಿಲ್ಲ. ಬಳಗಗಳು ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ‘ತುರ್ತು ಸಂಪರ್ಕಕ್ಕೆ ಮಾತ್ರ, ಹಣದ ಹೊಣೆಯಿಲ್ಲ’ ಎಂಬ ಒಂದು ಪುಟದ ನಮೂನೆಯನ್ನು ವಾರ್ಡ್ ಹೆಸರಿನಲ್ಲಿ ಅಚ್ಚು ಹಾಕಿಸಿ ಕೊಡಿ.

2027ರ ಏಪ್ರಿಲ್‌ನಿಂದ ಆರೈಕೆ ವಿಮೆಯ ಹೊಸ ಮೂರು ವರ್ಷದ ಯೋಜನೆ ಶುರು. ದುಭಾಷಿ, ಗುರುತಿನ ಚೀಟಿ, ಈ ನಮೂನೆ, ಮೂರೂ ಅದರ ಕರಡಿನಲ್ಲಿರಲಿ. ಫ್ರಿಜ್ಜಿನ ಡಬ್ಬಿಯ ಹಾಳೆಯ ಕನ್ನಡ, ಹಿಂದಿ, ತಮಿಳು ಅನುವಾದ ನಮ್ಮ ಪಾಲಿಗಿರಲಿ. ಡಬ್ಬಿ ನೀವು ಕೊಡಿ.

ಇಂತಿ,
ನಿಶಿ-ಕಸಾಯಿ ಸುತ್ತಮುತ್ತಲ ಕನ್ನಡಿಗರು